ಕಮಲಾಕ್ಷಿಯ ಮರೆವು

ನಾದಿನಿಯನ್ನು ಕರೆತರಲು ಕಾಚಿಗೂಡ ಸ್ಟೇಶನ್ನಿಗೆ ಹೋಗಿದ್ದ ಶಿವಾನಂದ ಒಬ್ಬನೇ ಮನೆಗೆ ಬಂದ. "ಗಾಡಿ ಬಂತು, ಸೂಗಮ್ಮ ಬರಲಿಲ್ಲ" ಎಂದಷ್ಟೇ ಹೇಳಿ ಚಪ್ಪಲಿ ಬಿಟ್ಟು ಮುಖ ತೊಳೆಯಲು ಹೋದ. ಕಮಲಾಕ್ಷಿ ಗಾಬರಿಯಿಂದ ತಂಗಿಗೆ ಫೋನು ಹಚ್ಚುವಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು. ಎರಡು ಚೀಲ ಹಿಡಿದುಕೊಂಡು, ಬೆವರು ಒರೆಸಿಕೊಳ್ಳುತ್ತ, ಸೂಗಮ್ಮ ಹೊರಗೆ ನಿಂತಿದ್ದಳು. ಕಾಚಿಗೂಡದಿಂದ ಮಿಯಾಪುರದವರೆಗೆ ಆಟೋದಲ್ಲಿ ಬಂದಿದ್ದಳು.

ನೀರು ಕುಡಿದ ಮೇಲೆ ಅವಳು ಅಡುಗೆಮನೆಯಲ್ಲಿ ಅಕ್ಕನ ಹತ್ತಿರ ಸರಿದು ಮೆಲ್ಲಗೆ ಹೇಳಿದಳು. "ಅಕ್ಕಾ, ಮಾಮಾರು ನನ್ನ ಎದುರಿಗೇ ನಿಂತಿದ್ರು. ನಾ ಕೈ ಮಾಡಿದೆ. ನನ್ನ ಮಾರಿ ನೋಡಿದ್ರು, ನೋಡಿ ಹಂಗ ಮುಂದ ಹ್ವಾದ್ರು. ನನ್ನ ಮ್ಯಾಲ ಸಿಟ್ಟೇನರ ಐತೇನು?"

ಕಮಲಾಕ್ಷಿಗೆ ಉತ್ತರ ಹೊಳೆಯುವ ಮೊದಲೇ ಶಿವಾನಂದ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದ. ಸೂಗಮ್ಮನನ್ನು ನೋಡಿದ ಕೂಡಲೇ ಗುರುತು ಹಿಡಿದು, "ಯಾವಾಗ ಬಂದೆವ್ವ?" ಎಂದು ನಕ್ಕ. ಮರುಗಳಿಗೆ ಅವನ ನಗು ಹಾಗೇ ನಿಂತುಹೋಯಿತು. ತಾನು ಎಲ್ಲಿಂದ ಬಂದೆ, ಯಾಕೆ ಹೋಗಿದ್ದೆ ಎಂಬುದು ಅವನಿಗೆ ಆಗ ನೆನಪಾಗಿರಬೇಕು. ನಲವತ್ತು ವರ್ಷದ ಸಂಸಾರದಲ್ಲಿ ಕಮಲಾಕ್ಷಿ ಆ ಕಣ್ಣುಗಳಲ್ಲಿ ಸಿಟ್ಟು ಕಂಡಿದ್ದಳು, ಬೇಸರ ಕಂಡಿದ್ದಳು. ಅಂಥ ಹೆದರಿಕೆಯನ್ನು ಮಾತ್ರ ಕಂಡಿರಲಿಲ್ಲ.

"ನೀ ನನಗ ಯಾವ ಗಾಡಿ ಹೇಳಿದ್ದಿ? ತಪ್ಪು ಹೇಳಿದಿ ನೋಡು" ಎಂದು ಅವನು ಹೆಂಡತಿಯ ಕಡೆ ತಿರುಗಿದ.

ಗಾಡಿಯ ಹೆಸರು, ಬರುವ ಹೊತ್ತು, ಡಬ್ಬಿಯ ನಂಬರು ಎಲ್ಲವನ್ನೂ ಅವಳು ಚೀಟಿಯಲ್ಲಿ ಬರೆದು ಅವನ ಜೇಬಿಗೆ ಹಾಕಿದ್ದಳು. ಆದರೂ ಅವಳ ಬಾಯಿಂದ ಬಂದದ್ದು ಬೇರೆ. "ಹೌದ್ರಿ, ನಾನ ತಪ್ಪು ಹೇಳಿದೆ. ಇತ್ತಿತ್ಲಾಗ ನನಗ ನೆನಪ ಉಳೀವಲ್ದು."

ಅವನ ಮುಖ ಸಡಿಲಾಯಿತು. "ಇರಲಿ ಬಿಡು, ವಯಸ್ಸಾತು" ಎಂದು ಅವಳ ಹೆಗಲು ತಟ್ಟಿದ. ಶುರುವಾದದ್ದು ಹೀಗೆ.

ಶಿವಾನಂದ ರಾಮಚಂದ್ರಪುರದ ಕಡೆ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ತಪಾಸಣೆ ವಿಭಾಗದಲ್ಲಿದ್ದವನು. ರಾಯಚೂರಿನಿಂದ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಬಂದು ಸೇರಿದವನು ಅಲ್ಲೇ ನಿವೃತ್ತನಾದ. ಅವನು ಅಳೆದು ಸಹಿ ಹಾಕದೆ ಒಂದು ತುಂಡು ಕಬ್ಬಿಣವೂ ಗೇಟು ದಾಟುತ್ತಿರಲಿಲ್ಲ. ತಪ್ಪನ್ನು ಹಿಡಿಯುವುದು ಅವನ ಕಸುಬಾಗಿತ್ತು. ಅವನ ತಪ್ಪನ್ನು ಯಾರೂ ಹಿಡಿದಿರಲಿಲ್ಲ. ಕಮಲಾಕ್ಷಿ ಅದೇ ಕಾರ್ಖಾನೆಯ ವಸಾಹತಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದ್ದಳು. ನಿವೃತ್ತಿಯ ಮೇಲೆ ಇಬ್ಬರೂ ಮಿಯಾಪುರದ ಒಂದು ದೊಡ್ಡ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಗೆ ಬಂದು ನೆಲೆಸಿದ್ದರು. ಒಬ್ಬಳೇ ಮಗಳು ವರ್ಷಾ ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿದ್ದಳು, ಭಾನುವಾರ ಬಂದು ಹೋಗುತ್ತಿದ್ದಳು.

ಕಾಚಿಗೂಡದ ಆ ದಿನದ ನಂತರ ಒಂದರ ಹಿಂದೆ ಒಂದು ನಡೆಯತೊಡಗಿದವು. ಗ್ಯಾಸಿನ ಮೇಲೆ ಹಾಲಿಟ್ಟು ಶಿವಾನಂದ ಪೇಪರ್ ಹಿಡಿದು ಕೂತ, ಪಾತ್ರೆ ಕರಿಯಾಯಿತು. "ನೀ ಇಟ್ಟು ಮರೆತಿ" ಎಂದ. ಅವಳು ಹೌದೆಂದಳು. ಬೀರುವಿನ ಕೀಲಿ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಅದನ್ನೂ ಅವಳೇ ಒಪ್ಪಿಕೊಂಡಳು. ವರ್ಷಾಳ ಹುಟ್ಟುಹಬ್ಬಕ್ಕೆ ಒಂದು ತಿಂಗಳು ಮೊದಲೇ ಅವನು ಫೋನು ಮಾಡಿ ಹರಸಿ, ಇವತ್ತಲ್ಲ ಎಂದು ಅವಳು ತಿದ್ದಿದಾಗ, "ನಿಮ್ಮವ್ವ ಇವತ್ತಂತ ಹೇಳಿದ್ಲು" ಎಂದ. ಮುಂದಿನ ಭಾನುವಾರ ಬಂದ ಮಗಳು ತಾಯಿಯನ್ನು ಕೋಣೆಗೆ ಕರೆದು ಕೂರಿಸಿ, "ಅವ್ವ, ನೀ ಭಾಳ ಮರ್ಯಾಕತ್ತಿ. ಅಪ್ಪ ಎಷ್ಟಂತ ಸಂಭಾಳಸ್ತಾರ?" ಎಂದಳು. ಕಮಲಾಕ್ಷಿ ತಲೆ ತಗ್ಗಿಸಿ ಸೀರೆಯ ಅಂಚು ಸರಿಮಾಡಿಕೊಂಡಳು.

ಮಾತು ಅಪಾರ್ಟ್‌ಮೆಂಟಿನಲ್ಲೂ ಹಬ್ಬಿತು. ಎರಡನೆಯ ಮಹಡಿಯ ತೆಲುಗು ಮನೆಯವರು ಎಂಟನೆಯ ತರಗತಿಯ ಮಗಳನ್ನು ಗಣಿತಕ್ಕೆ ಅವಳ ಹತ್ತಿರ ಕಳಿಸುತ್ತಿದ್ದರು. ಒಂದು ದಿನ ಆ ಹುಡುಗಿ ಬರಲಿಲ್ಲ, ಮರುದಿನವೂ ಬರಲಿಲ್ಲ. ಲಿಫ್ಟಿನಲ್ಲಿ ಸಿಕ್ಕ ತಾಯಿ ನೆಲ ನೋಡುತ್ತ, "ನಿಮಗೆ ಯಾಕೆ ತೊಂದರೆ ಅಂತ, ಬೇರೆ ಕಡೆ ಹಾಕಿದೆವು ಟೀಚರ್" ಎಂದಳು. ಆ ದಿನ ಕಮಲಾಕ್ಷಿ ಹತ್ತನೆಯ ತರಗತಿಯ ಪುಸ್ತಕ ತೆಗೆದು ಕಡೆಯ ಅಧ್ಯಾಯದ ಲೆಕ್ಕಗಳನ್ನೆಲ್ಲ ಒಂದೂ ಬಿಡದೆ ಮಾಡಿದಳು. ಎಲ್ಲ ಸರಿಬಂದವು. ಪುಸ್ತಕ ಮುಚ್ಚಿ ಕಪಾಟಿಗೆ ಹಾಕಿದಳು.

ಇಷ್ಟಾದರೂ, ಹೀಗೆ ಸಾಗಿದ ಆ ಒಂದೂವರೆ ವರ್ಷ ಗಂಡ ಅವಳನ್ನು ನೋಡಿಕೊಂಡ ರೀತಿಯೇ ಬೇರೆ. ಮೊದಲೆಂದೂ ಅಡುಗೆಮನೆಗೆ ಕಾಲಿಡದವನು ಡಬ್ಬಿಗಳ ಮೇಲೆ ಚೀಟಿ ಅಂಟಿಸಿದ: ತೊಗರಿ, ಹೆಸರು, ಸಾಸಿವೆ. ರಸ್ತೆ ದಾಟುವಾಗ ಅವಳ ಕೈ ಹಿಡಿಯುತ್ತಿದ್ದ. ಮದುವೆಯಾದ ಹೊಸದರಲ್ಲೂ ನಾಲ್ಕು ಜನರೆದುರು ಕೈ ಹಿಡಿದವನಲ್ಲ. ಸಂಜೆ ಪಕ್ಕದಲ್ಲಿ ಕೂತು, "ಹೆದರಬ್ಯಾಡ, ನಾ ಅದೀನಿ" ಎನ್ನುತ್ತಿದ್ದ. ಅವಳಿಗೆ ಸಂಕಟವೂ ಆಗುತ್ತಿತ್ತು, ಹಿತವೂ ಆಗುತ್ತಿತ್ತು. ಆ ಹಿತಕ್ಕೆ ತಾನು ಮರುಳಾದೆನೇ ಎಂದು ಮುಂದೆ ಅವಳು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು.

ಅದೇ ಹೊತ್ತಿಗೆ ಕಾರ್ಖಾನೆಯಿಂದ ಕರೆ ಬಂದಿತ್ತು. ಹೊಸದಾಗಿ ಸೇರಿದವರಿಗೆ ಅಳತೆಯ ಕೆಲಸ ಕಲಿಸಲು ವಾರಕ್ಕೆ ಎರಡು ದಿನ ಬರುತ್ತೀರಾ ಎಂದು ಕೇಳಿದ್ದರು. ಶಿವಾನಂದನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇರಲಿಲ್ಲ. ಆದರೆ ಫೋನಿನಲ್ಲಿ ಅವನು, "ಆಗೂದಿಲ್ರಿ. ಮನ್ಯಾಗ ಇಕಿಗೆ ಹುಷಾರಿಲ್ಲ, ಬಿಟ್ಟು ಬರಾಕ ಬರೂದಿಲ್ಲ" ಎಂದದ್ದು ಪಕ್ಕದ ಕೋಣೆಯಲ್ಲಿದ್ದ ಅವಳ ಕಿವಿಗೆ ಬಿತ್ತು. ಎದ್ದು ಹೋಗಿ ನಿಜ ಹೇಳಿಬಿಡಬೇಕು ಅನ್ನಿಸಿತು. ಅವಳು ಏಳಲಿಲ್ಲ.

ಕನ್ನಡ ಸಂಘದ ಒಂದು ಕಾರ್ಯಕ್ರಮದಲ್ಲಿ ಡಾಕ್ಟರ್ ಸಂಪದಾ ಮಾತಾಡಿದ್ದು ಆ ವರ್ಷದ ಕೊನೆಗೆ. ಬೀದರಿನ ಮೂಲದ ಅವಳು ಸಿಕಂದರಾಬಾದಿನ ಸಂಶೋಧನಾ ಕೇಂದ್ರವೊಂದರಲ್ಲಿ ಮಿದುಳಿನ ಅಲೆಗಳನ್ನು ಅಭ್ಯಾಸ ಮಾಡುತ್ತಿದ್ದಳು. ತಲೆಗೆ ತಂತಿಗಳಿರುವ ಟೋಪಿ ಹಾಕಿ, ಮಿದುಳಿನಲ್ಲಿ ಏಳುವ ಸಣ್ಣ ಮಿಂಚನ್ನು ಗೆರೆಗಳಾಗಿ ಬರೆದುಕೊಳ್ಳುವುದು. ಮರೆವಿನ ರೋಗ ಹೊರಗೆ ಕಾಣಿಸಿಕೊಳ್ಳುವ ಮೊದಲೇ ಆ ಗೆರೆಗಳಲ್ಲಿ ಸುಳಿವು ಸಿಗುತ್ತದೆಯೇ ಎಂದು ನೋಡುವುದು. ಇದಕ್ಕೆ ಅರವತ್ತು ದಾಟಿದ, ಕನ್ನಡ ಮನೆಮಾತಿನ ಜನ ಬೇಕಾಗಿದ್ದರು. ಸೂಜಿ ಇಲ್ಲ, ನೋವಿಲ್ಲ, ವರ್ಷಕ್ಕೊಮ್ಮೆ ಬಂದು ಹೋದರೆ ಸಾಕು ಎಂದಳು.

ಕಾರ್ಯಕ್ರಮ ಮುಗಿದದ್ದೇ ಶಿವಾನಂದ ಹೆಂಡತಿಯ ಕೈ ಹಿಡಿದು ಸಂಪದಾಳ ಹತ್ತಿರ ಕರೆದೊಯ್ದ. "ಡಾಕ್ಟರ, ಇಕಿಗೆ ಒಂದೂವರೆ ವರ್ಷದಿಂದ ಮರವು. ಬರಕೊಳ್ರಿ ಇಕಿ ಹೆಸರು."

ಕಮಲಾಕ್ಷಿ ಒಂದೇ ಪ್ರಶ್ನೆ ಕೇಳಿದಳು. "ಮನಿಯವರ್ದೂ ತಗೀತೀರೇನ್ರಿ?"

"ತಗೀತೀವಿ ಕಾಕೂ. ಆರೋಗ್ಯ ಇದ್ದವರದೂ ಬೇಕಾಗ್ತದ, ಹೋಲಿಸಿ ನೋಡಲಿಕ್ಕೆ. ಗಂಡ ಹೆಂಡತಿ ಇಬ್ಬರೂ ಬಂದ್ರ ಇನ್ನೂ ಛಲೋ."

"ಹಂಗಾದ್ರ ಬರ್ತೀವ್ರಿ" ಎಂದಳು ಕಮಲಾಕ್ಷಿ. ಆಸ್ಪತ್ರೆಗೆ ಹೋಗೋಣ ಎಂದು ನೇರವಾಗಿ ಹೇಳಿದ್ದರೆ ಅವನು ಬರುತ್ತಿರಲಿಲ್ಲ. ಅವಳ ಸಲುವಾಗಿ ಎಂದರೆ ಬರುತ್ತಾನೆ.

ಜನವರಿಯ ಒಂದು ಮುಂಜಾನೆ ಇಬ್ಬರೂ ತಲೆಗೆ ಎಣ್ಣೆ ಹಚ್ಚದೆ, ಹೇಳಿದ ಹಾಗೆ ಮಿಂದು ಹೋದರು. ಮೊದಲು ನೆನಪಿನ ಪರೀಕ್ಷೆ, ಒಬ್ಬೊಬ್ಬರಿಗೆ ಬೇರೆ ಬೇರೆ ಕೋಣೆಯಲ್ಲಿ. ಸಂಪದಾ ಹದಿನೈದು ಪದಗಳನ್ನು ಓದಿ ಹೇಳಿದಳು. ನಡುವೆ ಬೇರೆ ಏನೇನೋ ಕೇಳಿ, ಇಪ್ಪತ್ತು ನಿಮಿಷ ಕಳೆದ ಮೇಲೆ, ಆ ಪದಗಳಲ್ಲಿ ನೆನಪಿದ್ದಷ್ಟು ಹೇಳಿ ಎಂದಳು. ಕಮಲಾಕ್ಷಿಯ ಬಾಯಿಗೆ ಪದಗಳು ಸಾಲಾಗಿ ಬಂದವು. ನಾಲ್ಕು ಹೇಳಿ ನಿಂತಳು. ಇಲ್ಲಿಗೇ ನಿಲ್ಲಿಸಿದರೆ ಒಂದೂವರೆ ವರ್ಷದ ಸುಳ್ಳು ನಿಜವಾಗಿ ದಾಖಲಾಗುತ್ತದೆ, ಗಂಡನ ಪಾಲಿಗೆ ತಾನೇ ರೋಗಿಯಾಗಿ ಉಳಿಯುತ್ತೇನೆ ಎಂಬ ಯೋಚನೆ ಬಂತು. ಆಮೇಲೆ ಇನ್ನೂ ಎಂಟು ಹೇಳಿದಳು.

ಟೋಪಿ ಹಾಕುವವನು ಜನಾರ್ದನ, ನಡುವಯಸ್ಸಿನ ತಂತ್ರಜ್ಞ. ಕೂದಲು ಸರಿಸಿ ಟೋಪಿಯ ಒಂದೊಂದು ತೂತಿಗೂ ತಣ್ಣನೆಯ ಜೆಲ್ ತುಂಬುತ್ತ ಅವಳ ತಲೆಯ ಮೇಲೆ ಮುಕ್ಕಾಲು ತಾಸು ಕೆಲಸ ಮಾಡಿದ. ಐದು ನಿಮಿಷ ಕಣ್ಣು ಮುಚ್ಚಿ, ಐದು ನಿಮಿಷ ತೆರೆದು ಕೂರಬೇಕಿತ್ತು. ಅವಳದು ಮುಗಿದ ಮೇಲೆ ಶಿವಾನಂದನ ಸರದಿ. ಅವಳು ಗಾಜಿನ ಗೋಡೆಯ ಈಚೆ ಕುರ್ಚಿಯಲ್ಲಿ ಕೂತು ನೋಡಿದಳು. ಅವನು ಟೋಪಿ ಹಾಕಿಕೊಂಡು, ಫೋಟೋಕ್ಕೆ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದ. ಜನಾರ್ದನನ ಪರದೆಯ ಮೇಲೆ ಮೂವತ್ತೆರಡು ಗೆರೆಗಳು ಎಡದಿಂದ ಬಲಕ್ಕೆ ಹರಿಯುತ್ತಿದ್ದವು. ಅವಳಿಗೆ ಅದರಲ್ಲಿ ಏನೂ ತಿಳಿಯಲಿಲ್ಲ. ಅವಳು ಜನಾರ್ದನನ ಮುಖ ನೋಡಿದಳು. ಅವನು ಮೈಕಿನಲ್ಲಿ, "ಸರ್, ನಿದ್ದೆ ಬರುತ್ತಿದೆಯಾ?" ಎಂದು ಕೇಳಿದ. "ಇಲ್ಲ, ಎಚ್ಚರ ಅದೀನಿ" ಎಂದ ಶಿವಾನಂದ. ಸ್ವಲ್ಪ ಹೊತ್ತಿಗೆ ಜನಾರ್ದನ ಮತ್ತೆ ಅದನ್ನೇ ಕೇಳಿದ. ಅದೇ ಉತ್ತರ ಬಂತು. ಆಮೇಲೆ ಅವನು ಕೇಳಲಿಲ್ಲ, ಕಮಲಾಕ್ಷಿಯ ಕಡೆಯೂ ನೋಡಲಿಲ್ಲ.

ಎರಡು ವಾರದ ಮೇಲೆ ಸಂಪದಾ ಇಬ್ಬರನ್ನೂ ಕರೆಸಿದಳು. ಶಿವಾನಂದ ಒಂದು ನೋಟ್‌ಬುಕ್ಕಿನಲ್ಲಿ ಹೆಂಡತಿಯ ಮರೆವಿನ ಪ್ರಸಂಗಗಳನ್ನು ತಾರೀಕು ಸಮೇತ ಬರೆದುಕೊಂಡು ಬಂದಿದ್ದ. ಕುರ್ಚಿಯಲ್ಲಿ ಕೂತವನೇ ಅವಳ ಕೈ ಮೇಲೆ ಕೈಯಿಟ್ಟ.

"ಕಾಕಾರ, ಮೊದಲು ನಿಮ್ಮ ಬಗ್ಗೆ ಮಾತಾಡೋಣ್ರಿ" ಎಂದಳು ಸಂಪದಾ.

"ನಂದು ಆಮ್ಯಾಲ. ಮೊದಲ ಇಕಿದು ಹೇಳ್ರಿ."

"ಕಾಕೂದು ಛಲೋ ಅದ. ನೆನಪೂ ಛಲೋ ಅದ, ಅಲೆಗಳೂ ಅವರ ವಯಸ್ಸಿಗೆ ತಕ್ಕಂಗ ಅವ."

ಶಿವಾನಂದ ನೋಟ್‌ಬುಕ್ಕು ತೆರೆದ, ಮುಚ್ಚಿದ. "ಕಾಗದ ಅದಲಿಬದಲಿ ಆಗ್ಯಾವ್ರಿ. ಇಕಿದು ನನಗ, ನಂದು ಇಕಿಗೆ ಹಚ್ಚೀರಿ."

ಸಂಪದಾ ವಾದ ಮಾಡಲಿಲ್ಲ. ಅವನ ನೆನಪಿನ ಪರೀಕ್ಷೆಯ ಫಲಿತಾಂಶವನ್ನು ಮೆತ್ತಗೆ ಹೇಳಿದಳು: ಹದಿನೈದರಲ್ಲಿ ಎರಡು. ಅವನು ಆ ದಿನ ತನಗೆ ನೆಗಡಿಯಿತ್ತು ಎಂದ. ಅಲೆಗಳೂ ಎಚ್ಚರದಲ್ಲೇ ನಿದ್ದೆಗಣ್ಣಿನವರ ಹಾಗೆ ನಿಧಾನವಾಗಿವೆ ಎಂದಾಗ ಯಂತ್ರವನ್ನು ಸಂಶಯಿಸಿದ. "ನಮ್ಮ ಕಾರ್ಖಾನ್ಯಾಗ ಅಳತಿ ತಪ್ಪು ಬಂದ್ರ ಮೊದಲ ಉಪಕರಣ ತಪಾಸ ಮಾಡ್ತೀವಿ. ಇನ್ನೊಮ್ಮೆ ತಗೀರಿ. ನನ್ನ ಎದುರಿಗೆ ತಗೀರಿ."

ಮುಂದಿನ ವಾರ ಮತ್ತೆ ತೆಗೆದರು. ಈ ಸಲ ಟೋಪಿಯ ಮೇಲೆ ತನ್ನ ಹೆಸರಿನ ಚೀಟಿ ಅಂಟಿಸಿ, ತಾರೀಕು ಬರೆದು ಸಹಿ ಹಾಕಿದ ಮೇಲೇ ಅವನು ಕೂತ. ಮುಗಿದ ನಂತರ, ತಲೆಯಲ್ಲಿ ಜೆಲ್ ಇನ್ನೂ ಹಸಿಯಿರುವಾಗಲೇ, ಪರದೆಯ ಎದುರು ಕುರ್ಚಿ ಎಳೆದುಕೊಂಡ. ಸಂಪದಾ ಇಬ್ಬರ ಗೆರೆಗಳನ್ನೂ ಮೇಲೆ ಕೆಳಗೆ ಇಟ್ಟು ತೋರಿಸಿದಳು. ಕಣ್ಣು ಮುಚ್ಚಿ ಕೂತಾಗ ತಲೆಯ ಹಿಂಭಾಗದಲ್ಲಿ ಏಳುವ ಲಯ. ಕಮಲಾಕ್ಷಿಯದು ಸಣ್ಣ ಹಲ್ಲಿನ ಹಣಿಗೆಯ ಹಾಗೆ ಒತ್ತೊತ್ತಾಗಿತ್ತು. ಅವನದು ಅಗಲಗಲವಾಗಿ, ತಡೆತಡೆದು ಸಾಗಿತ್ತು.

"ಒಂದು ಸೆಕೆಂಡು ಅಂದ್ರ ಎಲ್ಲಿಂದ ಎಲ್ಲೀತನ?" ಎಂದು ಶಿವಾನಂದ ಕೇಳಿದ. ಸಂಪದಾ ತೋರಿಸಿದಳು. ಅವನು ಜೇಬಿನ ಪೆನ್ನು ತೆಗೆದು, ಪರದೆಗೆ ತಾಗದಂತೆ ಹಿಡಿದು, ಹೆಂಡತಿಯ ಅಲೆಗಳನ್ನು ಎಣಿಸಿದ. ಒಂಬತ್ತೂವರೆ. ತನ್ನವನ್ನು ಎಣಿಸಿದ. ಏಳು. ಬೇರೆ ಜಾಗ ತೋರಿಸಲು ಹೇಳಿ ಅಲ್ಲಿಯೂ ಎಣಿಸಿದ. ಮತ್ತೊಂದು ಕಡೆ. ಐದಾರು ಕಡೆ ಎಣಿಸಿದ ಮೇಲೆ ಪೆನ್ನು ಜೇಬಿಗಿಟ್ಟುಕೊಂಡ.

"ಯಂತ್ರ ಸರಿ ಐತಿ" ಎಂದ.

ಅಲೆಗಳೊಂದನ್ನೇ ನೋಡಿ ರೋಗದ ಹೆಸರು ಹೇಳಲು ಬರುವುದಿಲ್ಲ, ಇದಿನ್ನೂ ಸಂಶೋಧನೆ, ಸ್ಕ್ಯಾನು ಆಗಬೇಕು, ನರರೋಗದ ಡಾಕ್ಟರು ನೋಡಬೇಕು ಎಂದು ಸಂಪದಾ ವಿವರಿಸುತ್ತಿದ್ದಳು. ಅವನು ಎಲ್ಲದಕ್ಕೂ ತಲೆ ಆಡಿಸಿದ.

ಮರಳುವಾಗ ಅಮೀರಪೇಟೆಯಲ್ಲಿ ಮೆಟ್ರೋ ಬದಲಿಸಬೇಕು. ಮಿಯಾಪುರದ ಗಾಡಿ ಬಂದು ನಿಂತಿತು. ಕಮಲಾಕ್ಷಿ ಎದ್ದಳು. ಅವನು ಬೆಂಚಿನಿಂದ ಏಳಲಿಲ್ಲ. ಗಾಡಿ ಹೋಯಿತು.

"ಕಾಚಿಗೂಡದ ದಿನ ನೀ ಗಾಡಿ ಸರಿ ಹೇಳಿದ್ದೇನು?"

"ಹೇಳಿದ್ದೆ."

"ಹಾಲು?"

"ನೀವು ಇಟ್ಟಿದ್ರಿ."

"ಬೀರುವಿನ ಕೀಲಿ?"

ಅವಳು ಉತ್ತರಿಸಿದಳು. ನೋಟ್‌ಬುಕ್ಕು ತೆರೆದು ಅವನು ಒಂದೊಂದಾಗಿ ಕೇಳುತ್ತ ಹೋದ. ಅವಳು ಒಂದನ್ನೂ ಮುಚ್ಚಿಡದೆ ಹೇಳುತ್ತ ಹೋದಳು. ಇನ್ನೆರಡು ಗಾಡಿಗಳು ಬಂದು ಹೋದವು.

"ಯಾಕ ಹಿಂಗ ಮಾಡಿದಿ?"

"ಅವತ್ತ ನಿಮ್ಮ ಕಣ್ಣಾಗ ಹೆದರಿಕಿ ಕಂಡೆರಿ. ನನಗ ನೋಡಾಕ ಆಗಲಿಲ್ಲ."

"ಹೆದರಿಕಿ ನಂದು ಇತ್ತು. ನನಗ ಬಿಡಬೇಕಿತ್ತು ಅದನ್ನ." ಅವನ ದನಿ ಏರಲಿಲ್ಲ. "ಕಾರ್ಖಾನಿಯವರು ಕರದಾಗ ನೀ ಬಾಜೂ ಖೋಲ್ಯಾಗ ಇದ್ದಿ. ಅವಾಗ ನನ್ನ ಕೈಲೆ ಆಗ್ತಿತ್ತು. ವಾರಕ್ಕ ಎರಡು ದಿನ ಹೋಗಿ ಕಲಿಸ್ತಿದ್ದೆ. ಇನ್ನ ಆಗೂದಿಲ್ಲ." ನೋಟ್‌ಬುಕ್ಕು ಮುಚ್ಚಿ, "ಈ ಪರೀಕ್ಷಾಕ್ಕೂ ನನ್ನ ಎಳಕೊಂಡ ಬರಾಕ ಆಟ ಹೂಡಿದ್ದಿ, ಹೌದಿಲ್ಲೊ?" ಎಂದ.

"ಹೌದ್ರಿ."

"ನಲವತ್ತ ವರ್ಷ ನಿನ್ನ ಒಂದು ಮಾತೂ ನಾ ತಪಾಸ ಮಾಡಿರಲಿಲ್ಲ" ಎಂದು ಅವನು ಎದ್ದ. ನಾಲ್ಕನೆಯ ಗಾಡಿಗೆ ಹತ್ತಿದರು.

ಸ್ಕ್ಯಾನು ಆಯಿತು, ನರರೋಗದ ಡಾಕ್ಟರು ನೋಡಿದರು, ಆಲ್ಝೈಮರ್‌ನ ಮೊದಲ ಹಂತ ಎಂದರು, ಮಾತ್ರೆ ಬರೆದುಕೊಟ್ಟರು. ವರ್ಷಾ ಕಚೇರಿಗೆ ರಜೆ ಹಾಕಿ ಎಲ್ಲ ಕಡೆ ಜೊತೆಗೆ ಓಡಾಡಿದಳು. ಎಲ್ಲ ಮುಗಿದ ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ತಾಯಿಯ ಹತ್ತಿರ ಬಂದು ನಿಂತಳು.

"ನನಗರ ಹೇಳಬೇಕಿತ್ತಿಲ್ಲೊ ಅವ್ವ? ನಾ ನಿನಗ ಎಷ್ಟ ಅಂದೆ."

"ಅಂದಿದ್ದು ಏನಾತು ಬಿಡು."

"ನನ್ನ ಮಾತಲ್ಲ. ಮೊದಲ ಗೊತ್ತಿದ್ರ, ಅಪ್ಪ ಛಲೋ ಇದ್ದಾಗ ಅವರ ಕೂಡ ಇನ್ನಷ್ಟ ದಿನ ಕಳೀತಿದ್ದೆ."

ಕಮಲಾಕ್ಷಿ ಇನ್ನೊಂದು ಬಟ್ಟೆ ಹಿಂಡಿ ತಂತಿಗೆ ಹಾಕಿದಳು. ಒಂದೂವರೆ ವರ್ಷ ಮೊದಲೇ ಬಂದಿದ್ದರೆ ರೋಗ ನಿಲ್ಲುತ್ತಿತ್ತೇ ಎಂದು ಅವಳು ಸಂಪದಾಳನ್ನು ಕೇಳಿದ್ದಳು. ನಿಲ್ಲುತ್ತಿರಲಿಲ್ಲ, ಮಾತ್ರೆಯಿಂದ ಅಂಥ ಹೆಚ್ಚಿನ ವ್ಯತ್ಯಾಸ ಆಗುತ್ತಿರಲಿಲ್ಲ ಎಂದಿದ್ದಳು ಆಕೆ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಸಂಪದಾ ಸುಳ್ಳು ಹೇಳುವವಳಲ್ಲ. "ಖರೇ ಹೇಳಬೇಕಂದ್ರ, ಕಾಕಾರಿಗೆ ತಮ್ಮ ಮುಂದಿನದು ತಾವೇ ಯೋಚನಿ ಮಾಡಲಿಕ್ಕೆ ಟೈಮ್ ಸಿಗ್ತಿತ್ತು" ಎಂದೂ ಸೇರಿಸಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಶಿವಾನಂದನಿಗೆ ತನ್ನ ರೋಗದ ಹೆಸರು ಮರೆತಿತ್ತು. ಸ್ಕ್ಯಾನಿಗೆ ಹೋದದ್ದು, ಅಮೀರಪೇಟೆಯ ಬೆಂಚು, ತಾನೇ ಬರೆದ ನೋಟ್‌ಬುಕ್ಕು, ಯಾವುದೂ ನೆನಪಿನಲ್ಲಿ ಉಳಿದಿರಲಿಲ್ಲ. ಉಳಿದದ್ದು ಒಂದೇ: ಕಮಲಾ ನನಗೆ ಸುಳ್ಳು ಹೇಳಿದ್ದಾಳೆ. ಯಾವಾಗ, ಯಾವ ವಿಷಯಕ್ಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಆದರೆ ಅವಳು ಇವತ್ತು ಗುರುವಾರ ಎಂದರೆ, ಕೆಳಗಿಳಿದು ಹೋಗಿ ವಾಚ್‌ಮನ್‌ನನ್ನು ಕೇಳಿ ಖಾತ್ರಿ ಮಾಡಿಕೊಂಡು ಬರುತ್ತಿದ್ದ. ಅವಳು ಕೊಟ್ಟ ಮಾತ್ರೆ ಮುಟ್ಟುತ್ತಿರಲಿಲ್ಲ. ದಿನವೂ ಮುಂಜಾನೆ ಎಂಟಕ್ಕೆ ವರ್ಷಾ ಸಿಕಂದರಾಬಾದಿನಿಂದ ಫೋನು ಮಾಡಿ, "ಅಪ್ಪ, ಬಿಳೀ ಮಾತ್ರಿ ತಗೋರಿ" ಎನ್ನಬೇಕು, ಆಗ ತೆಗೆದುಕೊಳ್ಳುತ್ತಿದ್ದ. ರಸ್ತೆಯಲ್ಲಿ ಅವಳು ಕೈ ಹಿಡಿಯಲು ಹೋದರೆ ಬಿಡಿಸಿಕೊಳ್ಳುತ್ತಿದ್ದ. ಡಬ್ಬಿಗಳ ಮೇಲಿನ ಚೀಟಿ ನೋಡಿ, "ಇವನ್ನ ಯಾರ ಅಂಟಿಸ್ಯಾರ?" ಎಂದು ಒಮ್ಮೆ ಕೇಳಿದ. "ನೀವ ಅಂಟಿಸಿದ್ರಿ, ನನ್ನ ಸಲುವಾಗಿ" ಎಂದಳು. "ಸುಳ್ಳ" ಎಂದು ಅವನು ಹೊರಗೆ ನಡೆದ.

ಅವಳು ಮಾತ್ರ ಅಮೀರಪೇಟೆಯ ಆ ದಿನದಿಂದ ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ನನಗೇನಾಗಿದೆ ಎಂದು ಅವನು ಕೇಳಿದಾಗಲೆಲ್ಲ ಇದ್ದದ್ದನ್ನೇ ಹೇಳುತ್ತಿದ್ದಳು. ಪ್ರತಿ ಸಲವೂ ಅವನು ಅದನ್ನು ಮೊದಲ ಸಲ ಕೇಳಿದವನ ಹಾಗೆ ಕೇಳುತ್ತಿದ್ದ. ಪ್ರತಿ ಸಲವೂ ಅದೇ ಹೆದರಿಕೆ ಅವನ ಕಣ್ಣಿಗೆ ಬರುತ್ತಿತ್ತು. ಅವಳು ಈಗ ಅದನ್ನು ನೋಡುತ್ತ ಕೂರುತ್ತಿದ್ದಳು.

ವರ್ಷ ತುಂಬಿ ಮತ್ತೆ ಕೇಂದ್ರದಿಂದ ಕರೆ ಬಂತು. ಹೊರಡುವ ದಿನ ಶಿವಾನಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿದ. "ಯಾರ ಪರೀಕ್ಷಾ ಇವತ್ತ?"

"ಇಬ್ಬರದೂರಿ."

ಅವನು ನಂಬಲಿಲ್ಲ. ಅಲ್ಲಿ ಹೋಗಿ ಸಂಪದಾಳನ್ನು ಕೇಳಿದ. "ಇಬ್ಬರದೂ ಅದ ಕಾಕಾರ" ಎಂದು ಅವಳು ಹೇಳಿದ ಮೇಲೆ ಕುರ್ಚಿಯಲ್ಲಿ ಕೂತ. ಟೋಪಿ ಹಾಕಿಸಿಕೊಳ್ಳುವಾಗ ಎರಡು ಸಲ ಕಿತ್ತು ಹಾಕಲು ನೋಡಿದ. ಜನಾರ್ದನ ತಾಳ್ಮೆಯಿಂದ ಮತ್ತೆ ಮತ್ತೆ ಜೆಲ್ ತುಂಬಿದ. ಗಾಜಿನ ಈಚೆ ಕೂತಿದ್ದ ಕಮಲಾಕ್ಷಿಗೆ ಈ ಸಲ ಗೆರೆಗಳು ಅಷ್ಟೋ ಇಷ್ಟೋ ತಿಳಿಯುತ್ತಿದ್ದವು. ಒಂದು ಸೆಕೆಂಡಿನ ಗುರುತು ಹಿಡಿದು ಎಣಿಸಲು ಹೋದಳು. ಆರನ್ನು ದಾಟಲಿಲ್ಲ. ಮುಂದೆ ಎಣಿಸಲಿಲ್ಲ.

ಅವಳದೂ ಮುಗಿಯಿತು. ಕಾರಿಡಾರಿನಲ್ಲಿ ಸಂಪದಾ ಅವಳನ್ನು ತಡೆದು, ಇಳಿತ ಅಂದುಕೊಂಡಿದ್ದಕ್ಕಿಂತ ಬೇಗ ಆಗುತ್ತಿದೆ, ಇನ್ನು ಮೇಲೆ ಒಬ್ಬರನ್ನೇ ಹೊರಗೆ ಬಿಡಬೇಡಿ ಎಂದಳು. ಕಮಲಾಕ್ಷಿ ಕೇಳಿಸಿಕೊಂಡಳು. ಆಮೇಲೆ ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದಳು.

"ಎಲ್ಲಾ ಮರ್ಯಾಕತ್ತಾರ. ನನ್ನ ಮ್ಯಾಲಿನ ಸಿಟ್ಟ ಒಂದ ಯಾಕ ಮರೀವಲ್ರು?"

"ಆಗಿದ್ದು ಮರೀತದ ಕಾಕೂ. ಆದಾಗ ಮನಸ್ಸಿಗೆ ಹತ್ತಿದ್ದು ಒಮ್ಮೊಮ್ಮೆ ಉಳೀತದ. ಅದು ಬ್ಯಾರೆ ಕಡೆ ಇರ್ತದ. ನಮ್ಮ ಗೆರೆಯೊಳಗ ಅದು ಕಾಣಂಗಿಲ್ಲ."

"ಅದೂ ಹೋಗ್ತೈತೇನ್ರಿ?"

"ಹೋಗಬಹುದು."

ಹೋಗಲಿ ಎಂದು ಬೇಡಿಕೊಳ್ಳಬೇಕೋ ಬೇಡವೋ ಕಮಲಾಕ್ಷಿಗೆ ತಿಳಿಯಲಿಲ್ಲ. ಅದೊಂದು ಹೋದರೆ ಅವನಲ್ಲಿ ತನ್ನ ಗುರುತು ಹಿಡಿಯಲು ಇನ್ನೇನು ಉಳಿಯುತ್ತದೆ ಎಂದು ಯೋಚಿಸುತ್ತ ಇಬ್ಬರ ಫೈಲುಗಳನ್ನೂ ಚೀಲಕ್ಕೆ ಹಾಕಿಕೊಂಡಳು.

ಮಿಯಾಪುರದ ಗಾಡಿ ತುಂಬಿತ್ತು. ಹಿರಿಯರ ಸೀಟು ಖಾಲಿಯಾದಾಗ ಅವನು ಒಂದು ತುದಿಗೆ ಕೂತ. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಅವಳು ಕೂತಳು. ಹತ್ತಿರ ಕೂತರೆ ಅವನು ಎದ್ದು ನಿಲ್ಲುತ್ತಾನೆಂದು ಅವಳಿಗೆ ಗೊತ್ತಿತ್ತು. ಕೂಕಟಪಲ್ಲಿಯಲ್ಲಿ ಹತ್ತಿದ ಒಬ್ಬ ವಯಸ್ಸಾದ ಹೆಂಗಸು ಆ ಜಾಗ ನೋಡಿ, ನೀವಿಬ್ಬರೂ ಜೊತೆಗಿದ್ದೀರಾ, ಸರಿದು ಕೂರುತ್ತೀರಾ ಎಂದು ತೆಲುಗಿನಲ್ಲಿ ಕೇಳಿದಳು.

ಕಮಲಾಕ್ಷಿ ಬಾಯಿ ತೆರೆಯುವ ಮೊದಲೇ ಶಿವಾನಂದ, "ಕಾದಮ್ಮಾ" ಎಂದ. ಅಲ್ಲ.

ಹೆಂಗಸು ಇಬ್ಬರ ನಡುವೆ ಕೂತಳು. ಕಮಲಾಕ್ಷಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಎದುರಿನ ಕಿಟಕಿ ನೋಡಿದಳು.

ಮಿಯಾಪುರದಲ್ಲಿ ಎಲ್ಲರೂ ಇಳಿದರು. ಅವನು ಕೂತೇ ಇದ್ದ. ಅವಳು ಎದ್ದು ಎರಡು ಹೆಜ್ಜೆ ದೂರದಲ್ಲಿ ನಿಂತು, "ಇಳೀಬೇಕ್ರಿ. ಇದ ಕೊನೀ ಸ್ಟೇಶನ್" ಎಂದಳು. ಅವನು ಬಾಗಿಲ ಮೇಲಿನ ಪಟ್ಟಿ ನೋಡಿದ. ಕಿಟಕಿಯಾಚೆಗಿನ ಫಲಕ ನೋಡಿದ. ಎರಡನ್ನೂ ನಿಧಾನವಾಗಿ ಓದಿ, ಒಂದಕ್ಕೊಂದು ತಾಳೆ ನೋಡಿ, ಆಮೇಲೆ ಇಳಿದ.